ಬಸುರಿಯನ್ನು ವೈರಸ್‌ನಿಂದ ಕಾಯುವುದು ಅವಳೊಬ್ಬಳ ಕೆಲಸವಲ್ಲ

ಬಸುರಿ ಹೆಂಗಸಿಗೆ ಜ್ವರ ಬಂದರೆ ಸುತ್ತಲಿನವರು ಮೊದಲು ಕೇಳುವುದು "ಎಲ್ಲಿಗೆ ಹೋಗಿದ್ದೆ? ಹುಷಾರಾಗಿರಬಾರದಿತ್ತಾ?" ಎಂದು. ಮಗುವಿಗೇನಾದರೂ ತೊಂದರೆಯಾದರಂತೂ ಆ ಪ್ರಶ್ನೆ ವರ್ಷಗಟ್ಟಲೆ ಅವಳ ಬೆನ್ನು ಬಿಡುವುದಿಲ್ಲ. ಇದನ್ನು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಹೊಟ್ಟೆಯಲ್ಲಿರುವ ಮಗುವಿಗೆ ತಟ್ಟುವ ವೈರಸ್‌ಗಳನ್ನು ಒಂದೊಂದಾಗಿ ನೋಡಿ. ತಡೆಯುವ ಕೆಲಸದ ಹೆಚ್ಚಿನ ಪಾಲು ಅವಳ ಕೈಯಲ್ಲಿಲ್ಲ, ಸುತ್ತ ಇರುವವರ ಕೈಯಲ್ಲಿದೆ.

ರುಬೆಲ್ಲಾವನ್ನೇ ತೆಗೆದುಕೊಳ್ಳಿ. ದೊಡ್ಡವರಿಗೆ ಇದು ಕಾಯಿಲೆಯೇ ಅಲ್ಲ ಅನ್ನಿಸುತ್ತದೆ. ಸ್ವಲ್ಪ ಜ್ವರ, ಮೈಮೇಲೆ ಕೆಂಪು ಗಂದೆ, ಕಿವಿಯ ಹಿಂದೆ ಸಣ್ಣ ಗಡ್ಡೆ. ಮೂರ್ನಾಲ್ಕು ದಿನದಲ್ಲಿ ಎಲ್ಲ ಮಾಯ. ಕೆಲವರಿಗೆ ಬಂದು ಹೋಗಿದ್ದೂ ಗೊತ್ತಾಗುವುದಿಲ್ಲ. ಆದರೆ ಬಸುರಿನ ಮೊದಲ 12 ವಾರಗಳಲ್ಲಿ ಬಂದರೆ ಮಗುವಿಗೆ ಹಾನಿಯಾಗುವ ಸಾಧ್ಯತೆ ನೂರಕ್ಕೆ 90ರವರೆಗೂ ಹೋಗುತ್ತದೆ. ಕಣ್ಣಿನಲ್ಲಿ ಪೊರೆ, ಕಿವುಡು, ಹೃದಯದ ದೋಷ. ಕೆಲವೊಮ್ಮೆ ಗರ್ಭವೇ ನಿಲ್ಲುವುದಿಲ್ಲ. ಅದೇ ಸೋಂಕು 20 ವಾರ ದಾಟಿದ ಮೇಲೆ ಬಂದರೆ ಹಾನಿ ಅಪರೂಪ. ಕಣ್ಣು, ಕಿವಿ, ಹೃದಯ ಮೂಡುವುದು ಆ ಶುರುವಿನ ವಾರಗಳಲ್ಲೇ, ಅದಕ್ಕೇ ಈ ವ್ಯತ್ಯಾಸ. ಅಮ್ಮನಿಗೆ ಎಷ್ಟು ಜೋರು ಜ್ವರ ಬಂತು ಅನ್ನುವುದರಿಂದ ಮಗುವಿಗೆ ಎಷ್ಟು ಅಪಾಯ ಎಂದು ಅಳೆಯಲು ಆಗುವುದಿಲ್ಲ.

ಇದು ಹೊರಗೆ ಬಂದಿದ್ದು 1941ರಲ್ಲಿ. ಸಿಡ್ನಿಯ ಕಣ್ಣಿನ ಡಾಕ್ಟರ್ ನಾರ್ಮನ್ ಗ್ರೆಗ್ ಅವರ ಹತ್ತಿರ ಹುಟ್ಟುತ್ತಲೇ ಪೊರೆ ಬಂದ ಕೂಸುಗಳು ಒಂದರ ಹಿಂದೆ ಒಂದು ಬರತೊಡಗಿದವು. ಆ ತಾಯಂದಿರಲ್ಲಿ ಹೆಚ್ಚಿನವರಿಗೆ ಬಸುರಿನ ಶುರುವಿನಲ್ಲಿ ರುಬೆಲ್ಲಾ ಬಂದಿತ್ತು. ಗ್ರೆಗ್ ಆ ತಾಯಂದಿರ ಮಾತನ್ನು ತಳ್ಳಿಹಾಕಲಿಲ್ಲ, ಬರೆದಿಟ್ಟರು, ಪ್ರಕಟಿಸಿದರು. ತಾಯಿಯ ಮಾತನ್ನು ಕಿವಿಗೊಟ್ಟು ಕೇಳಿದ್ದರಿಂದ ವೈದ್ಯಶಾಸ್ತ್ರದ ಒಂದು ದೊಡ್ಡ ಬಾಗಿಲು ತೆರೆಯಿತು. ಆಮೇಲೂ 1964-65ರಲ್ಲಿ ಅಮೆರಿಕದಲ್ಲಿ ರುಬೆಲ್ಲಾ ಹಬ್ಬಿದಾಗ ಸುಮಾರು 20,000 ಮಕ್ಕಳು ಅದರ ಹಾನಿ ಹೊತ್ತೇ ಹುಟ್ಟಿದರು. ಲಸಿಕೆ ಬಂದಿದ್ದು 1969ರಲ್ಲಿ.

ಈ ಲಸಿಕೆಯಲ್ಲಿರುವುದು ಬಲ ಕುಗ್ಗಿಸಿದ ಜೀವಂತ ವೈರಸ್. ಹಾಗಾಗಿ ಬಸುರಿಯಾದ ಮೇಲೆ ಕೊಡುವುದಿಲ್ಲ. ಬಸುರಿಯಾಗುವ ಮೊದಲು ಹಾಕಿಸಿಕೊಂಡರೂ, ಆಮೇಲೆ ಒಂದು ತಿಂಗಳಾದರೂ ಗರ್ಭ ನಿಲ್ಲದಂತೆ ನೋಡಿಕೊಳ್ಳಿ ಎನ್ನುತ್ತಾರೆ. ಅಂದರೆ ಅವಳನ್ನು ಕಾಯಬೇಕಾಗಿದ್ದ ಚುಚ್ಚುಮದ್ದು ಅವಳು ಹುಡುಗಿಯಾಗಿದ್ದಾಗಲೇ ಸಿಗಬೇಕಿತ್ತು. ಅದು ತಪ್ಪಿದ್ದರೆ ತಪ್ಪು ಯಾರದು? ಗಂಡು ಮಕ್ಕಳಿಗೂ ಹಾಕಿಸಬೇಕು, ಅವರೂ ವೈರಸ್ ಹೊತ್ತು ಮನೆಗೆ ಬರುತ್ತಾರೆ. ಎಲ್ಲರಿಗೂ ಹಾಕಿದ್ದರಿಂದಲೇ 2015ರಲ್ಲಿ ಉತ್ತರ, ದಕ್ಷಿಣ ಎರಡೂ ಅಮೆರಿಕ ಖಂಡಗಳು ರುಬೆಲ್ಲಾ ಹರಡುವಿಕೆಯಿಂದ ಮುಕ್ತ ಎಂದು ಘೋಷಣೆಯಾಯಿತು.

ಹೆಸರೇ ಹೆಚ್ಚು ಜನ ಕೇಳಿರದ ಇನ್ನೊಂದಿದೆ. ಸೈಟೋಮೆಗಲೋ ವೈರಸ್, ಡಾಕ್ಟರುಗಳ ಬಾಯಲ್ಲಿ ಸಿಎಂವಿ. ಹೊಟ್ಟೆಯಲ್ಲೇ ಮಗುವಿಗೆ ತಗಲುವ ವೈರಸ್‌ಗಳಲ್ಲಿ ಅತಿ ಸಾಮಾನ್ಯವಾದದ್ದು ಇದೇ. ತಾಯಿಗೆ ಬಹುಪಾಲು ಏನೂ ಆಗುವುದಿಲ್ಲ, ಒಂದು ಸುಸ್ತು ಅಷ್ಟೇ. ಸೋಂಕಿನೊಂದಿಗೆ ಹುಟ್ಟಿದ ಐದು ಮಕ್ಕಳಲ್ಲಿ ಸುಮಾರು ಒಂದಕ್ಕೆ ಮಾತ್ರ ಕಿವುಡು ಅಥವಾ ಬೆಳವಣಿಗೆಯ ತೊಂದರೆ ಉಳಿಯುತ್ತದೆ. ಇದಕ್ಕೆ ಲಸಿಕೆ ಇನ್ನೂ ಇಲ್ಲ. ಹಾಗಾದರೆ ಎಲ್ಲಿಂದ ಬರುತ್ತದೆ? ಹೆಚ್ಚಾಗಿ ಮನೆಯಲ್ಲೇ ಇರುವ ಪುಟ್ಟ ಮಗುವಿನ ಜೊಲ್ಲು ಮತ್ತು ಉಚ್ಚೆಯಿಂದ. ಬಸುರಿಯಾದವಳು ಮೊದಲ ಮಗು ಚೀಪಿದ ಚಮಚವನ್ನು ತನ್ನ ಬಾಯಿಗೆ ಇಡಬಾರದು. ಮಗುವಿಗೆ ಮುತ್ತು ಕೊಡುವಾಗ ತುಟಿಗೆ ಬೇಡ, ಹಣೆಗೆ ಕೊಡಲಿ. ಡೈಪರ್ ಬದಲಿಸಿದ ಮೇಲೆ ಸೋಪು ಹಾಕಿ ಚೆನ್ನಾಗಿ ಕೈ ತೊಳೆಯಬೇಕು. ಇನ್ನೂ ಒಳ್ಳೆಯದೆಂದರೆ ಆ ಒಂಬತ್ತು ತಿಂಗಳು ಮೊದಲ ಮಗುವಿನ ಡೈಪರ್, ಮೂಗು, ಬಾಯಿ ಒರೆಸುವ ಕೆಲಸ ಅಪ್ಪನದ್ದಾಗಲಿ. ಇಷ್ಟು ಸುಲಭದ ವಿಷಯವನ್ನು ಮೊದಲ ತಪಾಸಣೆಯ ದಿನವೇ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಹೇಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಸೊಳ್ಳೆ ಕಚ್ಚಿ ಹರಡುವ ಜೀಕಾ ವೈರಸ್ ವಿಷಯದಲ್ಲೂ ಹೀಗೇ. 2015-16ರಲ್ಲಿ ಬ್ರೆಜಿಲ್‌ನಲ್ಲಿ ತಲೆ ತೀರಾ ಚಿಕ್ಕದಾದ ಕೂಸುಗಳು ಹುಟ್ಟಿದಾಗ ಎಲ್ಲರೂ ಸೊಳ್ಳೆಯ ಬಗ್ಗೆ ಮಾತಾಡಿದರು. ಸರಿಯೇ. ಆದರೆ ಜೀಕಾ ದೈಹಿಕ ಸಂಪರ್ಕದಿಂದಲೂ ಹರಡುತ್ತದೆ. ಸೋಂಕಿರುವ ಕಡೆಗೆ ಹೋಗಿ ಬಂದ ಗಂಡ, ಹೆಂಡತಿ ಬಸುರಿಯಾಗಿದ್ದರೆ ಹೆರಿಗೆಯವರೆಗೂ ಕಾಂಡೋಮ್ ಬಳಸಬೇಕು, ಇಲ್ಲವೇ ದೂರ ಇರಬೇಕು. ಈ ಮಾತನ್ನು ಗಂಡಸರಿಗೆ ಹೇಳುವವರು ಎಷ್ಟು ಜನ?

ಕೆಲವು ವೈರಸ್‌ಗಳು ತಾಯಿಯ ಜೀವಕ್ಕೇ ಬರುತ್ತವೆ. ಹೊಟ್ಟೆ ಬೆಳೆದಂತೆ ಉಸಿರಾಟಕ್ಕೆ ಜಾಗ ಕಡಿಮೆಯಾಗುತ್ತದೆ, ಹೃದಯಕ್ಕೆ ಕೆಲಸ ಜಾಸ್ತಿ, ರೋಗನಿರೋಧಕ ಶಕ್ತಿಯ ರೀತಿಯೂ ಬದಲಾಗುತ್ತದೆ. ಅದಕ್ಕೇ ಫ್ಲೂ, ಕೋವಿಡ್, ಚಿಕನ್‌ಪಾಕ್ಸ್ ಬಸುರಿಯರಲ್ಲಿ ಬೇಗ ನ್ಯುಮೋನಿಯಾಕ್ಕೆ ತಿರುಗಬಹುದು, ದಿನ ತುಂಬುವ ಮೊದಲೇ ಹೆರಿಗೆಯಾಗಬಹುದು. ಫ್ಲೂ ಚುಚ್ಚುಮದ್ದಿನಲ್ಲಿ ಜೀವಂತ ವೈರಸ್ ಇರುವುದಿಲ್ಲ, ಬಸುರಿನ ಯಾವ ತಿಂಗಳಲ್ಲಾದರೂ ತೆಗೆದುಕೊಳ್ಳಬಹುದು. ತಾಯಿಯಲ್ಲಿ ಹುಟ್ಟುವ, ಸೋಂಕಿನ ವಿರುದ್ಧ ಹೋರಾಡುವ ಪ್ರತಿಕಾಯಗಳು ಮಾಸು ದಾಟಿ ಮಗುವಿಗೂ ಸಿಗುತ್ತವೆ. ಆರು ತಿಂಗಳು ತುಂಬುವವರೆಗೆ ಕೂಸಿಗೆ ಫ್ಲೂ ಲಸಿಕೆ ಹಾಕುವಂತಿಲ್ಲ, ಅಲ್ಲಿಯವರೆಗೆ ಕಾಯುವುದು ಅಮ್ಮ ಕೊಟ್ಟ ಈ ಬುತ್ತಿಯೇ.

ಹೆಪಟೈಟಿಸ್ ಇ ಬಗ್ಗೆ ಓದಿದರೆ ನನಗೆ ಈಗಲೂ ಎದೆ ಝಲ್ಲೆನ್ನುತ್ತದೆ. ಬೇರೆಯವರಿಗೆ ಒಂದಿಷ್ಟು ದಿನ ಕಾಮಾಲೆ ಬಂದು ಹೋಗುವ ಈ ಸೋಂಕು, ಕೊನೆಯ ಮೂರು ತಿಂಗಳಲ್ಲಿ ಬಸುರಿಗೆ ತಗುಲಿದರೆ ನೂರರಲ್ಲಿ 20-25 ಮಂದಿಯವರೆಗೂ ಸಾಯುತ್ತಾರೆ. ಇದು ಬರುವುದು ಕೊಳಚೆ ಸೇರಿದ ಕುಡಿಯುವ ನೀರಿನಿಂದ. ನೀರಿನ ಪೈಪಿಗೆ ಚರಂಡಿ ಸೇರಿದ್ದಕ್ಕೆ ಆ ಹೆಂಗಸನ್ನು ಏನೆಂದು ಕೇಳುತ್ತೀರಿ?

ಎಚ್‌ಐವಿ, ಹೆಪಟೈಟಿಸ್ ಬಿ ಹೆಸರು ಕೇಳಿದರೆ ಜನ ಹೆದರುತ್ತಾರೆ. ನಿಜ ಹೇಳಬೇಕೆಂದರೆ ಇಲ್ಲೇ ನಮ್ಮ ಕೈ ಮೇಲಾಗಿದೆ. ಚಿಕಿತ್ಸೆಯಿಲ್ಲದೆ ಎಚ್‌ಐವಿ ಮಗುವಿಗೆ ದಾಟುವ ಸಾಧ್ಯತೆ ನೂರಕ್ಕೆ 15ರಿಂದ 45. ಮಾತ್ರೆ ಸರಿಯಾಗಿ ನುಂಗಿದರೆ ಅದು 5ಕ್ಕಿಂತ ಕೆಳಗಿಳಿಯುತ್ತದೆ. ಹೆಪಟೈಟಿಸ್ ಬಿ ಹುಟ್ಟುವಾಗ ತಗುಲಿದರೆ ಸುಮಾರು 90 ಪಾಲು ಮಕ್ಕಳಲ್ಲಿ ಅದು ದೀರ್ಘಕಾಲದ ಸೋಂಕಾಗಿ ಉಳಿಯುತ್ತದೆ. ಹುಟ್ಟಿದ 24 ಗಂಟೆಯೊಳಗೆ ಮೊದಲ ಲಸಿಕೆ ಬಿದ್ದರೆ ಹೆಚ್ಚಿನ ಮಕ್ಕಳು ಬಚಾವ್. ತಾಯಿಗೆ ಸೋಂಕಿದೆ ಎಂದು ಮೊದಲೇ ಗೊತ್ತಿದ್ದರೆ ಜೊತೆಗೆ ಇಮ್ಯುನೋಗ್ಲಾಬ್ಯುಲಿನ್, ಅಂದರೆ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು ಕೂಡ ಕೊಡುತ್ತಾರೆ. ಆ ಗಡಿಯಾರ ನೋಡಿಕೊಳ್ಳಬೇಕಾದವರು ಹೆರಿಗೆ ವಾರ್ಡಿನವರು, ಆಗಷ್ಟೇ ಹೆತ್ತು ಮಲಗಿರುವ ಬಾಣಂತಿಯಲ್ಲ.

ರುಬೆಲ್ಲಾ, ಸಿಎಂವಿಯಂಥ ಸೋಂಕುಗಳನ್ನು ಹುಡುಕುವ ರಕ್ತ ಪರೀಕ್ಷೆಯಾದ ಟಾರ್ಚ್ ಟೆಸ್ಟ್ ಬಗ್ಗೆಯೂ ಒಂದು ಮಾತು. ರಿಪೋರ್ಟಿನಲ್ಲಿ ಐಜಿಜಿ ಎಂಬ ಪ್ರತಿಕಾಯ ಪಾಸಿಟಿವ್ ಎಂದು ಕಂಡ ಕೂಡಲೇ ಮನೆಯಲ್ಲಿ ಅಳು ಶುರುವಾಗುತ್ತದೆ. ಸಾಮಾನ್ಯವಾಗಿ ಅದು ಹಿಂದೆಂದೋ ಬಂದು ಹೋದ ಸೋಂಕಿನ, ಇಲ್ಲವೇ ಲಸಿಕೆಯ ಗುರುತು. ಹೊಸ ಸೋಂಕಿನ ಸುಳಿವು ಎನ್ನುವ ಐಜಿಎಂ ಪ್ರತಿಕಾಯದ ಪಾಸಿಟಿವ್ ಕೂಡ ತಪ್ಪಾಗಿ ಬರಬಹುದು, ತಿಂಗಳುಗಟ್ಟಲೆ ಹಾಗೇ ಉಳಿಯಲೂಬಹುದು. ಆ ಒಂದು ಕಾಗದ ನೋಡಿ ಗರ್ಭ ತೆಗೆಸುವ ಮಾತಾಡಬೇಡಿ. ಮತ್ತೊಮ್ಮೆ ರಕ್ತ ಪರೀಕ್ಷೆ, ಸ್ಕ್ಯಾನ್, ಬೇಕಾದರೆ ಗರ್ಭದ ನೀರಿನ ಪರೀಕ್ಷೆ ಎಲ್ಲ ಇದೆ.

ಜ್ವರ ಬಂದರೆ ಸುಮ್ನೆ ಸಹಿಸಿಕೊಂಡಿರುವುದೂ ಬೇಡ. ಡಾಕ್ಟರನ್ನು ಕೇಳಿ ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಹುದು. ಐಬುಪ್ರೊಫೆನ್ ಥರದ ಮಾತ್ರೆ ಬೇಡ, ಅದರಲ್ಲೂ 20 ವಾರದ ನಂತರ. ಮೈಮೇಲೆ ಗಂದೆ ಎದ್ದಿದ್ದರೆ ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ ಹೋಗಿ, ಅಲ್ಲಿ ಕಾಯುವ ಸಾಲಿನಲ್ಲಿ ಬೇರೆ ಬಸುರಿಯರೂ ಕೂತಿರುತ್ತಾರೆ.

ಇನ್ನು ಸಿಎಂವಿ ಅನುಮಾನ ಇದ್ದರೆ ಮಗು ಹುಟ್ಟಿದ ಮೂರು ವಾರದೊಳಗೆ ಅದರ ಉಚ್ಚೆ ಅಥವಾ ಜೊಲ್ಲಿನ ಪರೀಕ್ಷೆ ಮಾಡಿಸಿ. ಆಮೇಲೆ ಮಾಡಿಸಿದರೆ ಸೋಂಕು ಹೊಟ್ಟೆಯಲ್ಲೇ ಬಂದಿತ್ತೋ ಹುಟ್ಟಿದ ಮೇಲೆ ಬಂತೋ ತಿಳಿಯುವುದು ಕಷ್ಟ. ಹುಟ್ಟಿದಾಗ ಕಿವಿ ಸರಿಯಾಗಿ ಕೇಳಿಸಿದರೂ ನಿಲ್ಲಿಸಬೇಡಿ. ಈ ಕಿವುಡು ತಿಂಗಳು, ವರ್ಷ ಕಳೆದ ಮೇಲೂ ಬರಬಹುದು. ಹಾಗಾಗಿ ಶಾಲೆಗೆ ಸೇರುವ ವಯಸ್ಸಿನವರೆಗೂ ಡಾಕ್ಟರ್ ಹೇಳಿದಷ್ಟು ಸಲ ಕಿವಿ ಪರೀಕ್ಷೆ ಆಗುತ್ತಿರಲಿ, ಮಗುವನ್ನು ಕರೆದುಕೊಂಡು ಹೋಗುವವರು ಅಪ್ಪನೇ ಆಗಿರಲಿ.