ಸ್ಟಾಂಪು ಕೀಳಬೇಡಿ, ಕಾರ್ಡು ಹಾಗೇ ಇರಲಿ

2024ರ ಆಗಸ್ಟ್ 7ಕ್ಕೆ ಕಾಳಿ ನದಿಯ ಹಳೇ ಸೇತುವೆ ಕುಸಿದು ಬಿತ್ತಲ್ಲ, ಅವತ್ತು ಸಂಜೆ ನಾನು ಕಪಾಟಿನಿಂದ ಒಂದು ಪೋಸ್ಟ್‌ಕಾರ್ಡ್ ತೆಗೆದು ಬಹಳ ಹೊತ್ತು ನೋಡುತ್ತಾ ಕುಳಿತಿದ್ದೆ. ಕಾರವಾರದ ಹಳೇ ಚಿತ್ರದ ಕಾರ್ಡು. ಈ ಕಡೆ ಕೋಡಿಬಾಗದ ದಡ, ಎದುರಿಗೆ ಸದಾಶಿವಗಡದ ಗುಡ್ಡ, ನಡುವೆ ಬರೀ ನೀರು. ದಡಕ್ಕೆ ತಾಗಿ ತಾರಿ, ಅಂದರೆ ಜನರನ್ನು ಹೊಳೆ ದಾಟಿಸುವ ದೋಣಿ. ಬುಟ್ಟಿ ಹೊತ್ತ ಇಬ್ಬರು ಹೆಂಗಸರು ಹತ್ತಲು ನಿಂತಿದ್ದಾರೆ. ಭೂತಗನ್ನಡಿ ಹಿಡಿದರೆ ಒಬ್ಬಳು ಸೀರೆ ಎತ್ತಿ ಕಟ್ಟಿ ಮೊಣಕಾಲವರೆಗೆ ನೀರಿಗಿಳಿದದ್ದೂ ಕಾಣುತ್ತದೆ. ಎಲ್ಲೂ ಸಣ್ಣ ಚುಕ್ಕಿಗಳಿಲ್ಲ. ಅಂದರೆ ಪ್ರೆಸ್ಸಿನಲ್ಲಿ ಅಚ್ಚು ಹಾಕಿದ್ದಲ್ಲ, ನೆಗೆಟಿವ್‌ನಿಂದ ನೇರವಾಗಿ ಫೋಟೋ ಕಾಗದಕ್ಕೆ ಇಳಿಸಿದ್ದು.

ತಿರುಗಿಸಿದರೆ ಹೊಟ್ಟೆ ಉರಿಯುತ್ತದೆ. ಸ್ಟಾಂಪು ಯಾರೋ ಕಿತ್ತಿದ್ದಾರೆ. ಸೀಲಿನ ಅರ್ಧ ಅದರ ಜೊತೆಗೇ ಹೋಗಿದೆ, ತಾರೀಖೂ ಹೋಗಿದೆ. ಕೆಳಗೆ ಮರಾಠಿಯಲ್ಲಿ ಮೂರು ಸಾಲು: ಗಾಳಿ ಜೋರು, ತಾರಿ ಬಿಟ್ಟಿಲ್ಲ, ನಾಳೆ ಬರುತ್ತೇನೆ. ಯಾವ ವರ್ಷದ ಮಳೆಗಾಲ ಅಂತ ಹೇಳಲು ಇದ್ದ ಒಂದೇ ಸಾಕ್ಷಿ ಯಾರದೋ ಸ್ಟಾಂಪಿನ ಆಲ್ಬಮ್ ಸೇರಿದೆ.

ಚಿತ್ರ ಚೆಂದ, ನಿಜ. ಆದರೆ ನನಗೆ ಹಿಂಭಾಗವೇ ಜಾಸ್ತಿ ಮುಖ್ಯ. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು, 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಬಂತು. ಇದೆಲ್ಲ ವಿಳಾಸದ ಕೊನೇ ಸಾಲಿನಲ್ಲಿ ಸಿಗುತ್ತದೆ. ಸ್ಟಾಂಪಿನಲ್ಲಿ ಬ್ರಿಟಿಷ್ ದೊರೆ ಏಳನೇ ಎಡ್ವರ್ಡ್ ಇದ್ದರೆ ಅಂದಾಜು 1902ರಿಂದ 1911ರ ಆಸುಪಾಸು. 581301 ಅಂತ ಪಿನ್ ಬರೆದಿದ್ದರೆ 1972ರ ನಂತರದ್ದು. ಎಷ್ಟು ಹೇಳುತ್ತದೆ ನೋಡಿ, ಒಂದು ಅಂಗೈಯಗಲದ ಕಾಗದ!

ಮಾರುವವರಿಗೆ ಸ್ಟಾಂಪು ಬೇರೆ, ಕಾರ್ಡು ಬೇರೆ ಮಾರಿದರೆ ಲಾಭ. ಆದರೆ ಹಾಗೆ ಮಾಡುವುದು ತಪ್ಪು ಅಂತ ನಾನು ಖಂಡಿತವಾಗಿ ಹೇಳುತ್ತೇನೆ. ಲ್ಯಾಮಿನೇಶನ್ ಕೂಡ ಬೇಡ. ಒಮ್ಮೆ ಬಿಸಿ ಪ್ಲಾಸ್ಟಿಕ್ ಅಂಟಿದರೆ ಮತ್ತೆ ಬಿಡಿಸಲು ಬರುವುದಿಲ್ಲ. ನಮ್ಮ ಕರಾವಳಿಯ ಮಳೆಗೆ ಬೂಷ್ಟು ಬೇರೆ ಬೇಗ ಹಿಡಿಯುತ್ತದೆ, ಅಲ್ವಾ? ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪುಡಿಕೆ, ಒಂದೊಂದು ಕಾರ್ಡಿಗೆ ಒಂದೊಂದು ಕವರು. ಇಷ್ಟು ಸಾಕು. ಹೆಸರು, ತಾರೀಖು ಅಂತ ಪೆನ್ನಿನಲ್ಲಿ ಏನೂ ಬರೆಯಬೇಡಿ.

ಅಂಕೋಲಾ, ಕುಮಟಾ, ಹೊನ್ನಾವರದ ಕಡೆಯವರೇ, ಚೌತಿಗೆ ಮನೆ ಕ್ಲೀನ್ ಮಾಡುವಾಗ ಅಜ್ಜನ ಟ್ರಂಕಿನ ಕಾಗದಗಳನ್ನು ಸುಮ್ನೆ ರದ್ದಿಗೆ ಹಾಕಬೇಡಿ. ಮೊದಲು ಒಂದೊಂದಾಗಿ ತಿರುಗಿಸಿ ನೋಡಿ. ಕಾರ್ಡು ನಿಮ್ಮ ಮನೆಯಲ್ಲೇ ಇರಲಿ, ನನಗೆ ಬೇಡ. ಎರಡೂ ಬದಿಯ ಫೋಟೋ ತೆಗೆದು ಕಳಿಸಿ. ಅದರಲ್ಲೂ ತಾರಿ ದೋಣಿಯದ್ದು ಸಿಕ್ಕರೆ ಅವತ್ತೇ ಕಳಿಸಿ.