ಆರು ವಾರ ಕಲ್ಲು ಸಾಕಿದೆ

"ಮೀನು ಸಾಯಿಸಿದ್ದಾತು, ಈಗ ಕಲ್ಲು ಸಾಕಾಕ ಹತ್ತಿಯೇನೋ?" ಅಂತ ಅವ್ವ ಕೇಳಿದಾಗ ನಾನು ಸುಮ್ಮನಿದ್ದೆ. ನಡುಮನೆಯಲ್ಲಿ ಮೂರಡಿ ಗಾಜಿನ ಟ್ಯಾಂಕ್. ಒಳಗೆ ತೊಂಬತ್ತು ಲೀಟರ್ ಉಪ್ಪುನೀರು, ಬಿಳಿ ಮರಳು, ಒಂದು ಕಲ್ಲಿನ ಗುಡ್ಡೆ. ಮೀನಿಲ್ಲ. ಮನೆಗೆ ಬಂದವರು ಬಗ್ಗಿ ನೋಡುತ್ತಾರೆ, ಕಲ್ಲಿನ ಹಿಂದೆ ಎಲ್ಲೋ ಅವಿತಿರಬೇಕು ಅಂತ ಹುಡುಕುತ್ತಾರೆ, ಕೊನೆಗೆ ನನ್ನ ಮುಖ ನೋಡುತ್ತಾರೆ. ಬಳ್ಳಾರಿಯಲ್ಲಿ ಕಲ್ಲಿಗೇನು ಬರವೇ? ಎತ್ತ ನೋಡಿದರೂ ಗುಡ್ಡ ಕಾಣುವ ಊರಲ್ಲಿ ಟ್ರೇನಿನಲ್ಲಿ ಹೋಗಿ ಕಲ್ಲು ತಂದವನು ನಾನೊಬ್ಬನೇ ಇರಬೇಕು.

ಅವ್ವ ಹೇಳಿದ ಮೊದಲರ್ಧವೂ ನಿಜ. ಹೋದ ದೀಪಾವಳಿಗೆ ಅಂಗಡಿಯವರು ಟ್ಯಾಂಕ್, ಉಪ್ಪು, ಪಂಪ್ ಎಲ್ಲ ಒಟ್ಟಿಗೆ ಕೊಟ್ಟು, "ಎರಡು ದಿನ ನೀರು ಓಡಿಸಿ ಸರ್, ಆಮೇಲೆ ಮೀನು ಬಿಡಿ" ಅಂದರು. ಒಂದು ಜೊತೆ ಕ್ಲೌನ್ ಮೀನು ತಂದೆ. ಐದನೇ ದಿನ ಒಂದು ಹೋಯಿತು, ಆರನೇ ದಿನ ಇನ್ನೊಂದು. ಸಾಯುವ ಮುಂಚೆ ನೀರಿನ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ನೀರು ಮಾತ್ರ ಕನ್ನಡಿಯ ಹಾಗೆ ತಿಳಿಯಾಗಿತ್ತು. ಹಾಗಾಗಿಯೇ ನನಗೆ ಏನೂ ಹೊಳೆಯಲಿಲ್ಲ. ಮೀನು ಉಸಿರಾಡುವಾಗ ಕಿವಿರಿನಿಂದ ಅಮೋನಿಯಾ ಬಿಡುತ್ತದೆ, ತಿನ್ನದೆ ಉಳಿದ ಕಾಳು ಕೊಳೆತರೂ ಅಮೋನಿಯಾ ಬರುತ್ತದೆ. ಅದು ಕಣ್ಣಿಗೆ ಕಾಣಲ್ಲ. ಸಮುದ್ರದ ನೀರಿನ ಪಿಎಚ್ 8ಕ್ಕಿಂತ ಮೇಲಿರುತ್ತದೆ. ಪಿಎಚ್ ಮತ್ತು ಶಾಖ ಏರಿದಷ್ಟೂ ಅಮೋನಿಯಾದ ವಿಷವೂ ಏರುತ್ತದೆ. ನಮ್ಮ ಊರಿನ ಶಾಖದ ಬಗ್ಗೆ ನಾನು ಹೇಳಬೇಕೇ?

ಈ ವಿಷ ಕಳೆಯಲಿಕ್ಕೇ ನನ್ನ ಟ್ಯಾಂಕಿನ ಕಲ್ಲು. ಲೈವ್ ರಾಕ್, ಅಂದರೆ ಜೀವ ಇರುವ ಕಲ್ಲು, ಅಂತಾರೆ. ಮೊಸರನ್ನ ತಿನ್ನುವವರಿಗೆ ಇದನ್ನು ತಿಳಿಸುವುದು ಸುಲಭ. ಲೈವ್ ರಾಕ್ ಅಂದರೆ ಹೆಪ್ಪು. ಸತ್ತ ಹವಳದಿಂದಾದ ಸುಣ್ಣದ ಕಲ್ಲು ಅದು. ನೋಡಲು ದಪ್ಪ, ಎತ್ತಿದರೆ ಹಗುರ, ಮೈತುಂಬಾ ತೂತು. ಆ ತೂತುಗಳ ಗೋಡೆಗೆ ಬ್ಯಾಕ್ಟೀರಿಯಾ ಅಂಟಿಕೊಂಡಿರುತ್ತವೆ. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ, ಅದು ಸ್ವಲ್ಪ ಇದ್ದರೆ ಮೀನು ತಡೆದುಕೊಳ್ಳುತ್ತದೆ. ಕಲ್ಲಿನ ತೀರಾ ಒಳಗೆ, ಆಮ್ಲಜನಕ ಹೋಗದ ಜಾಗದಲ್ಲಿ ಕೂತ ಮೂರನೇ ಗುಂಪು ನೈಟ್ರೇಟನ್ನು ಒಡೆದು ಸಾರಜನಕ ಮಾಡಿ ಗಾಳಿಗೆ ಬಿಟ್ಟುಬಿಡುತ್ತದೆ. ಇಂಡೋನೇಷ್ಯಾದ ಲೀ ಚಿನ್ ಎಂಗ್ 1961ರಲ್ಲೇ ಬರೆದಿದ್ದ, ಇಂಥ ಕಲ್ಲು ಮತ್ತು ಗಾಳಿಗುಳ್ಳೆ ಇಷ್ಟರಲ್ಲೇ ಸಮುದ್ರದ ಮೀನು ಸಾಕಬಹುದು ಅಂತ.

ಒಂದೇ ವ್ಯತ್ಯಾಸ. ರಾತ್ರಿ ಹಾಕಿದ ಹೆಪ್ಪು ಬೆಳಿಗ್ಗೆಗೆ ಮೊಸರು. ಈ ಬ್ಯಾಕ್ಟೀರಿಯಾ ಒಂದು ಎರಡಾಗಲಿಕ್ಕೇ ಹೆಚ್ಚುಕಡಿಮೆ ಒಂದು ದಿನ ಬೇಕು. ಅದಕ್ಕೇ ನಾಲ್ಕು ವಾರ, ಆರು ವಾರ ಹಿಡಿಯುವುದು.

"ಗುಡ್ಡದ ಕಲ್ಲೇ ನಾಲ್ಕು ಹಾಕಿದ್ದರೆ ಆಗ್ತಿರಲಿಲ್ವಾ?" ಅಂತ ಗೆಳೆಯನೊಬ್ಬ ಕೇಳಿದ. ಗ್ರಾನೈಟಿನಲ್ಲಿ ಅಂಥ ತೂತಿಲ್ಲ. ಸಂಡೂರಿನ ಕಡೆಯದಂತೂ ಅದಿರಿನ ಕಲ್ಲು, ಬೇಡವೇ ಬೇಡ. ಮತ್ತೊಬ್ಬರು ಸಮುದ್ರದಿಂದಲೇ ಎತ್ತಿದ ಕಲ್ಲು ತರಿಸಿಕೊಡುತ್ತೇನೆ ಅಂದರು. ಕೈ ಮುಗಿದೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹುಲಿ ಇರುವ ಒಂದನೇ ಪಟ್ಟಿಗೆ 2001ರಲ್ಲಿ ಹವಳಗಳೂ ಸೇರಿವೆ. ನನ್ನ ಹವ್ಯಾಸಕ್ಕೆ ಹವಳದ ದಿಬ್ಬ ಒಡೆಯುವುದು ಬೇಡ. ಎಂಟು ಕಿಲೋ ಕೃತಕ ಒಣಕಲ್ಲು ಕೊಂಡೆ. ಹೆಪ್ಪಿಗೆ ಅಂತ ಬೆಂಗಳೂರಿನ ಗೆಳೆಯನ ಹಳೇ ಟ್ಯಾಂಕಿನಿಂದ ಎರಡು ಕಿಲೋ ಲೈವ್ ರಾಕ್ ಇಸಿದುಕೊಂಡೆ.

ಒದ್ದೆ ಪೇಪರಿನಲ್ಲಿ ಸುತ್ತಿ, ಥರ್ಮೋಕೋಲ್ ಡಬ್ಬಿಯಲ್ಲಿಟ್ಟು, ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ತಲೆಯ ಹತ್ತಿರವೇ ಇಟ್ಟುಕೊಂಡು ಬಂದೆ. ಮನೆಯಲ್ಲಿ ಮುಚ್ಚಳ ತೆಗೆದರೆ ಮುಕ್ಕಾಲು ಕಡಲ ವಾಸನೆ, ಕಾಲು ಭಾಗ ಕೊಳೆತ ಮೊಟ್ಟೆ. ದಾರಿಯಲ್ಲಿ ಕಲ್ಲಿಗೆ ಅಂಟಿಕೊಂಡಿದ್ದ ಸ್ಪಂಜು ಅನ್ನುವ ಒಂದು ಕೆಂಪು ಕಡಲಜೀವಿ ಸತ್ತು ಬೂದು ಲೋಳೆಯಾಗಿತ್ತು. ಉಪ್ಪುನೀರಿನಲ್ಲೇ ಹಳೇ ಹಲ್ಲುಜ್ಜುವ ಬ್ರಷ್ ಹಾಕಿ ಉಜ್ಜಿದೆ. ನಲ್ಲಿ ನೀರು ತಾಗಿಸಿದರೆ ಉಳಿದ ಜೀವವೂ ಹೋಗುತ್ತದೆ. ಎಷ್ಟು ಉಜ್ಜಿದರೂ ಸ್ವಲ್ಪ ಸತ್ತಿದ್ದು ಉಳಿದೇ ಉಳಿಯುತ್ತದೆ. ಉಳಿಯಲಿ, ಬ್ಯಾಕ್ಟೀರಿಯಾಕ್ಕೆ ಮೊದಲ ಊಟ ಅದೇ.

ಆಮೇಲೆ ಕಾಯುವುದು. ಎರಡು ದಿನಕ್ಕೊಮ್ಮೆ ಟ್ಯಾಂಕಿನ 5 ಎಂಎಲ್ ನೀರು ಕೊಳವೆಗೆ ಹಾಕಿ, ಪರೀಕ್ಷೆಯ ದ್ರವವನ್ನು ಹನಿ ಎಣಿಸಿ ಬಿಟ್ಟು, ಬಿಳಿ ಕಾಗದದ ಮುಂದೆ ಹಿಡಿದು ಬಣ್ಣ ನೋಡುವುದು. ಮೂರನೇ ದಿನ ಅಮೋನಿಯಾದ ಕೊಳವೆ ಎಳೆ ಹಸಿರು, ಎಂಟನೇ ದಿನ ಕಡು ಹಸಿರು. ಹದಿಮೂರನೇ ದಿನ ನೈಟ್ರೈಟಿನ ಕೊಳವೆ ನೇರಳೆಗೆ ತಿರುಗಿತು. ಆವತ್ತು ಆಫೀಸಿನಲ್ಲಿ ಫೋಟೋ ತೋರಿಸಿದೆ, ಯಾರಿಗೂ ಖುಷಿಯಾಗಲಿಲ್ಲ. ಇಪ್ಪತ್ತೆರಡನೇ ದಿನ ಅಮೋನಿಯಾ ಹಳದಿ, ಅಂದರೆ ಸೊನ್ನೆ. ನೈಟ್ರೈಟ್ ಮಾತ್ರ ಮತ್ತೆರಡು ವಾರ ನೇರಳೆ ಬಿಟ್ಟು ಅಲ್ಲಾಡಲಿಲ್ಲ. ಈ ಹೊತ್ತಿನಲ್ಲೇ ಕೈ ತುರಿಸುತ್ತದೆ. ಮರಳು ಕೆದಕೋಣ, ಫಿಲ್ಟರಿನ ಸ್ಪಂಜು ತೊಳೆಯೋಣ, ಒಂದು ಮೀನು ಬಿಟ್ಟು ನೋಡೋಣ ಅನ್ನಿಸುತ್ತದೆ. ಹೆಪ್ಪು ಹಾಕಿದ ಪಾತ್ರೆಯನ್ನು ಗಳಿಗೆಗೊಮ್ಮೆ ಅಲ್ಲಾಡಿಸಿದರೆ ಅವ್ವ ಕೈಗೇ ಕೊಡುತ್ತಾಳೆ. ಇಲ್ಲಿ ಹೊಡೆಯುವವರಿಲ್ಲ.

ಕೆಲವರು ಡ್ಯಾಮ್ಸೆಲ್ ಮೀನು ಬಿಡಿ, ಗಟ್ಟಿ ಜೀವ, ಸೈಕಲ್ (ಬ್ಯಾಕ್ಟೀರಿಯಾ ಬೆಳೆಯಲು ಕಾಯುವ ಈ ಅವಧಿ) ಅದೇ ಮುಗಿಸಿಕೊಡುತ್ತದೆ ಅನ್ನುತ್ತಾರೆ. ನನಗೆ ಇದು ಕೇಳಿದರೆ ಸಿಟ್ಟು ಬರುತ್ತದೆ. ಸಾಯದಿರಬಹುದು, ಕಿವಿರು ಸುಟ್ಟುಕೊಂಡು ಬದುಕುತ್ತದೆ. ಬದುಕಿದ ಮೇಲೆ ಇಡೀ ಟ್ಯಾಂಕ್ ತನ್ನದೇ ಅಂತ ಹೊಸ ಮೀನನ್ನೆಲ್ಲ ಅಟ್ಟಾಡಿಸುತ್ತದೆ, ಅದು ಬೇರೆ ಮಾತು. ಬ್ಯಾಕ್ಟೀರಿಯಾಕ್ಕೆ ಊಟ ಹಾಕಲು ಅಮೋನಿಯಂ ಕ್ಲೋರೈಡ್ ಹನಿ ಸಿಗುತ್ತದೆ, ಅದೂ ಇಲ್ಲದಿದ್ದರೆ ಒಂದು ಹಸಿ ಸಿಗಡಿ ಚೂರು ಸಾಕು. ಟ್ಯಾಂಕ್ ಮಾರಿದ ದಿನವೇ ಮೀನನ್ನೂ ಮಾರುವ ಅಂಗಡಿಯವರಿಗೆ ಇದು ಗೊತ್ತಿಲ್ಲ ಅಂತ ನಾನು ನಂಬಲ್ಲ. ಸತ್ತರೆ ಇನ್ನೊಂದು ಜೊತೆ ಮಾರಾಟವಾಗುತ್ತದೆ, ಅಲ್ವಾ?

ಏಪ್ರಿಲ್ ಬಿಸಿಲಿಗೆ ಟ್ಯಾಂಕಿನ ನೀರು 31 ಡಿಗ್ರಿಗೆ ಹೋಯಿತು. ಇರಬೇಕಾದ್ದು 25, 26. ಮೇಲೆ ಫ್ಯಾನ್ ಕಟ್ಟಿದೆ. ಶಾಖ ಇಳಿಯಿತು, ನೀರು ಆವಿಯಾಯಿತು. ನೀರು ಹೋಗುತ್ತದೆ, ಉಪ್ಪು ಹೋಗಲ್ಲ. 1.025 ಇದ್ದ ಸಾಂದ್ರತೆ ನಾಲ್ಕು ದಿನಕ್ಕೆ 1.028 ತೋರಿಸಿತು. ಆಗ ತುಂಬಬೇಕಾದ್ದು ಆರ್‌ಒ ಸಿಹಿನೀರು, ಉಪ್ಪುನೀರಲ್ಲ. ಒಂದು ರಾತ್ರಿ ಕರೆಂಟ್ ಹೋಯಿತು. ಪಂಪ್ ನಿಂತರೆ ಬ್ಯಾಕ್ಟೀರಿಯಾಕ್ಕೂ ಆಮ್ಲಜನಕ ಇಲ್ಲ. ಎರಡು ಗಂಟೆ ಚೊಂಬಿನಲ್ಲಿ ನೀರು ಮೊಗೆದು ಮೇಲಿಂದ ಸುರಿಯುತ್ತಾ ಕೂತಿದ್ದೆ. ಬೆಳಿಗ್ಗೆಯೇ ಬ್ಯಾಟರಿ ಏರ್ ಪಂಪ್‌ಗೆ ಆರ್ಡರ್ ಹಾಕಿದೆ.

ನಾಲ್ಕನೇ ವಾರ ಮರಳ ಮೇಲೆಲ್ಲ ಕಂದು ಪುಡಿ ಕೂತಿತು. "ಲಾರಿ ಧೂಳು ಇದರೊಳಗೂ ಬಂತಲ್ಲೋ" ಅಂದಳು ಅವ್ವ. ಅದು ಡಯಾಟಮ್ ಅನ್ನುವ ಪಾಚಿ, ಹೊಸ ಟ್ಯಾಂಕಿನಲ್ಲಿ ಬಂದು ತಾನೇ ಹೋಗುತ್ತದೆ. ಅದೇ ರಾತ್ರಿ ಟಾರ್ಚ್ ಬಿಟ್ಟು ಅವಳಿಗೆ ತೋರಿಸಿದೆ. ಬೆಂಗಳೂರಿನ ಕಲ್ಲಿನ ತೂತಿನಿಂದ ಕೂದಲಿನಷ್ಟು ಸಣ್ಣ ಹುಳ ತಲೆ ಹಾಕಿ, ಬೆಳಕು ಕಂಡು ಸರಕ್ಕನೆ ಒಳಗೆ ಹೋಯಿತು. ಗಾಜಿನ ಮೇಲೆ ಸಾಸಿವೆಗಿಂತ ಚಿಕ್ಕ ಬಿಳಿ ಜೀವಗಳು ಓಡಾಡುತ್ತಿದ್ದವು. "ಕಲ್ಲಾಗ ಜೀವ ಐತಿ ಬಿಡು" ಅಂದಳು.

ಮೊನ್ನೆ ಸಂಜೆ 2 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗ ನೀರಿಗೆ ಎರಡು ಭಾಗ, ಬರುವಷ್ಟು ಅಮೋನಿಯಾ ಹಾಕಿದೆ. ನಿನ್ನೆ ಸಂಜೆ ನೋಡಿದರೆ ಅಮೋನಿಯಾದ ಕೊಳವೆ ಹಳದಿ, ನೈಟ್ರೈಟಿನದು ತಿಳಿನೀಲಿ. ಎರಡೂ ಸೊನ್ನೆ, ಒಂದೇ ದಿನದಲ್ಲಿ. ನೈಟ್ರೇಟ್ ಮಾತ್ರ 40 ಪಿಪಿಎಂ ದಾಟಿದೆ, ಮೀನು ಬಿಡುವ ಮುಂಚೆ ಅರ್ಧ ನೀರು ಬದಲಾಯಿಸಬೇಕು. ಸ್ಕೂಟಿ ಮುಂದೆ ಎರಡು ಕ್ಯಾನ್ ಇಟ್ಟುಕೊಂಡು ನೀರಿನ ಘಟಕಕ್ಕೆ ಹೊರಟಿದ್ದೇನೆ. ಭಾನುವಾರ ಒಂದೇ ಒಂದು ಕ್ಲೌನ್ ತರುತ್ತೇನೆ, ಬೇರೆ ಅಂಗಡಿಯಿಂದ.