ಊಟ ಹಾಕದ ಶಿಬಿರ

ಆ ಫಾರ್ವರ್ಡ್ ಮತ್ತೆ ಬಂದಿದೆ. ನಿಮಗೂ ಬಂದಿರುತ್ತದೆ, ಬಿಡಿ. ನಮ್ಮ ಏಕಾದಶಿ ಉಪವಾಸದಿಂದ ಕ್ಯಾನ್ಸರ್ ಹೋಗುತ್ತದೆ ಎಂದು ಜಪಾನಿನ ವಿಜ್ಞಾನಿಯೊಬ್ಬ ಸಾಬೀತು ಮಾಡಿ ನೊಬೆಲ್ ಹೊಡೆದನಂತೆ. ಈ ಸಲ ಬೆಳಗಾವಿಯಲ್ಲಿ ಅದು ಫೋನಿನಿಂದ ಇಳಿದು ತಿಲಕವಾಡಿಯ ಕಾಂಪೌಂಡ್ ಗೋಡೆಗೂ ಅಂಟಿಕೊಂಡಿದೆ. ಮೂರು ದಿನದ ಆಟೋಫೇಜಿ ಶಿಬಿರ. ಆಟೋಫೇಜಿ ಅಂದರೆ ಕೋಶ ತನ್ನ ಹಳೇ ಭಾಗಗಳನ್ನು ತಾನೇ ತಿಂದು ಕರಗಿಸಿಕೊಳ್ಳುವುದು. ಶುಲ್ಕ ಮುಂಗಡ. ಊಟ ಇಲ್ಲ.

ಮೆಚ್ಚಲೇಬೇಕು. ನಮ್ಮೂರಲ್ಲಿ ಖಾನಾವಳಿ ನಡೆಸುವವರು ಗ್ಯಾಸು, ಎಣ್ಣೆ, ಜೋಳದ ರೇಟು ನೋಡಿ ತಲೆ ಮೇಲೆ ಕೈ ಹೊತ್ತು ಕೂತಿದ್ದಾರೆ. ರೊಟ್ಟಿ ಬಡಿಯುವವರು ಸಿಗುತ್ತಿಲ್ಲ. ಈ ಶಿಬಿರದವರಿಗೆ ಒಲೆಯೇ ಬೇಡ. ಊಟ ಹಾಕದೇ ಇರುವುದಕ್ಕೆ ದುಡ್ಡು ಎಣಿಸಿಕೊಳ್ಳುವ ಈ ತಲೆಗೆ ಅರ್ಥಶಾಸ್ತ್ರದ ನೊಬೆಲ್ ಕೊಡಬೇಕಿತ್ತು.

ಹಾಗಂತ ನೊಬೆಲ್ ಸುಳ್ಳಲ್ಲ. 2016ರಲ್ಲಿ ಯೊಶಿನೋರಿ ಓಸುಮಿ ಅವರಿಗೆ ಬಂತು. ಆದರೆ ಅವರು ಉಪವಾಸ ಕೆಡವಿದ್ದು ಮನುಷ್ಯರನ್ನಲ್ಲ, ಯೀಸ್ಟನ್ನು. ಬೇಕರಿಯಲ್ಲಿ ಪಾವ್ ಉಬ್ಬಲಿ ಅಂತ ಹಾಕ್ತಾರಲ್ಲ, ಅದೇ. ಯೀಸ್ಟ್ ಕೋಶದೊಳಗೆ ಒಂದು ಚೀಲ ಇರುತ್ತದೆ. ಹಳೇ ಸಾಮಾನೆಲ್ಲ ಅಲ್ಲಿಗೆ ಹೋಗಿ ಕರಗುತ್ತದೆ. ಓಸುಮಿ ಕರಗಿಸುವ ಕಿಣ್ವಗಳೇ ಇಲ್ಲದ ಯೀಸ್ಟ್ ತಗೊಂಡು, ಅದನ್ನು ಹಸಿವಿಗೆ ಕೆಡವಿ, ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕೆಲವೇ ಗಂಟೆಗಳಲ್ಲಿ ಚೀಲದ ತುಂಬ ಸಣ್ಣ ಸಣ್ಣ ಗುಳ್ಳೆಗಳು ಕರಗದೆ ಕುಣಿಯುತ್ತಿದ್ದವು. ಕೋಶ ತನ್ನದೇ ಭಾಗಗಳನ್ನು ಕಟ್ಟಿ ಕಟ್ಟಿ ಅಲ್ಲಿಗೆ ಸಾಗಿಸುತ್ತಿತ್ತು. ಆಮೇಲೆ ಸಾವಿರಾರು ಯೀಸ್ಟ್ ತಳಿಗಳನ್ನು ಜಾಲಾಡಿ, ಈ ಕೆಲಸಕ್ಕೆ ಬೇಕಾದ 15 ಜೀನ್‌ಗಳನ್ನು 1993ರಲ್ಲಿ ಮುಂದಿಟ್ಟರು. ಏಕಾದಶಿ ಇದರಲ್ಲಿ ಎಲ್ಲೂ ಬರುವುದಿಲ್ಲ. ಯೀಸ್ಟಿಗೆ ಪಂಚಾಂಗ ನೋಡಲು ಬರುವುದಿಲ್ಲ.

ಇನ್ನೊಂದು ಮಜಾ ಇದೆ. ಆ ಯೀಸ್ಟಿಗೆ ನಿಲ್ಲಿಸಿದ್ದು ಸಾರಜನಕ, ಅಂದರೆ ಪ್ರೋಟೀನ್ ಕಟ್ಟಲು ಬೇಕಾದ ಸಾಮಾನು. ಸಕ್ಕರೆ ಇದ್ದೇ ಇತ್ತು. ಅಂದರೆ ನೊಬೆಲ್ ಪ್ರಕಾರ ಏಕಾದಶಿ ಮಾಡುವುದಾದರೆ ಪಿಷ್ಟವೇ ತುಂಬಿದ ಸಾಬೂದಾಣಿ ತಿನ್ನಬಹುದು, ಪ್ರೋಟೀನ್ ಇರುವ ಶೇಂಗಾ ಮುಟ್ಟಬಾರದು. ಶೇಂಗಾ ಇಲ್ಲದ ಸಾಬೂದಾಣಿ ಖಿಚಡಿಯನ್ನು ಬೆಳಗಾವಿಯಲ್ಲಿ ಯಾರಿಗಾದರೂ ಬಡಿಸಿ ನೋಡಿ. ಗಡಿ ವಿವಾದ ಮರೆತು ಎರಡೂ ಭಾಷೆಯವರು ಒಟ್ಟಿಗೆ ಬೈತಾರೆ. ನಮ್ಮ ಏಕಾದಶಿಯ ಗತ್ತೇ ಬೇರೆ ಅಲ್ವಾ? ಬೆಳಿಗ್ಗೆ ಖಿಚಡಿ. ಮಧ್ಯಾಹ್ನ ವರಿ ಅಕ್ಕಿ ಅನ್ನ, ಅದಕ್ಕೆ ಶೇಂಗಾ ಆಮಟಿ, ಬಟಾಟೆ ಪಲ್ಯ, ಗಟ್ಟಿ ಮೊಸರು. ಸಂಜೆ ಬಿಸಿ ಬಿಸಿ ಸಾಬೂದಾಣಿ ವಡೆ. ನಡುನಡುವೆ ಸುಮ್ನೆ ಬಾಯಾಡಿಸಲು ಶೇಂಗಾ ಉಂಡೆ, ಬಾಳೆಹಣ್ಣು. ‘ಏಕಾದಶಿ ದುಪ್ಪಟ್ ಖಾಶಿ’, ಅಂದರೆ ಏಕಾದಶಿಗೆ ಎರಡು ಪಟ್ಟು ತಿಂತೀ ಎಂದು ಮರಾಠಿಯವರು ತಮ್ಮನ್ನೇ ಹಾಸ್ಯ ಮಾಡಿಕೊಳ್ಳುತ್ತಾರೆ. ನನಗೆ ಈ ಉಪವಾಸದ ಮೇಲೆ ಭಾಳ ಪ್ರೀತಿ. ಆದರೆ ಅವತ್ತು ನಮ್ಮ ಕೋಶಗಳು ತಮ್ಮನ್ನು ತಾವೇ ತಿನ್ನುವ ಮಾತಿರಲಿ, ‘ಸಾಕ್ರಿ, ಜಾಗ ಇಲ್ಲ’ ಎಂದು ತಟ್ಟೆಗೆ ಅಡ್ಡ ಕೈ ಹಿಡಿದಾವು.

ಗೆಳೆಯನೊಬ್ಬ ಶಿಬಿರಕ್ಕೆ ಹೋಗಿದ್ದ, ಜೊತೆಗೆ ನನ್ನನ್ನೂ ಎಳೆದುಕೊಂಡು ಹೋದ. ಮೊದಲು ಕೈಗೊಂದು ಲೋಹದ ಕಡ್ಡಿ ಕೊಡ್ತಾರೆ. ಅದರ ವೈರು ಲ್ಯಾಪ್‌ಟಾಪಿಗೆ. ಒಂದು ನಿಮಿಷ ಮುಷ್ಟಿ ಬಿಗಿ ಹಿಡಿದರೆ ಸಾಕು, ಲಿವರು, ಕಿಡ್ನಿ, ಕೀಲು ಎಲ್ಲದರ ಜಾತಕ ಪ್ರಿಂಟಾಗಿ ಬೀಳುತ್ತದೆ. ಕಡೆಯ ಸಾಲಿನಲ್ಲಿ ‘ಜೀವಕೋಶಗಳ ವಯಸ್ಸು’. ಗೆಳೆಯನಿಗೆ 61 ಬಂತು. ಮುಖ ಬಾಡಿತು. ಹೋಗಿ ಕೈ ತೊಳೆದು, ಒರೆಸದೆ, ಒದ್ದೆ ಕೈಯಲ್ಲೇ ಹಿಡಿದ. 44. ಹದಿನೇಳು ವರ್ಷ ಒಂದು ನಲ್ಲಿಯಲ್ಲಿ ಹರಿದು ಹೋಯಿತು! ಕೆಂಪು ರಕ್ತಕಣ ಬದುಕುವುದು ಸುಮಾರು 120 ದಿನ. ಕರುಳಿನ ಒಳಪದರದ ಕೋಶಗಳಿಗೆ ನಾಲ್ಕೈದು ದಿನದ ಬಾಳು. ಮಿದುಳಿನ ನರಕೋಶಗಳು ಬಹುತೇಕ ನಮ್ಮಷ್ಟೇ ಹಳೆಯವು. ಹಾಗಿದ್ದರೆ ಇದು ಯಾವ ಕೋಶದ ವಯಸ್ಸು ಎಂದು ಕೇಳಿದೆ. ಟೈ ಕಟ್ಟಿದ ಹುಡುಗ ತಡವರಿಸಲಿಲ್ಲ. ‘ಆವರೇಜ್ ರೀ ಸರ’ ಅಂದ.

ನಕ್ಕು ಮನೆಗೆ ಬರಬಹುದಿತ್ತು. ಆದರೆ ಪೋಸ್ಟರಿನ ಕೆಳಗೆ ಇನ್ನೊಂದು ಸಾಲಿದೆ. ‘ಶುಗರ್, ಕ್ಯಾನ್ಸರ್ ಇದ್ದವರಿಗೆ ವಿಶೇಷ ಬ್ಯಾಚ್.’

ಇನ್ಸುಲಿನ್ ಚುಚ್ಚಿಕೊಂಡು ಹೊಟ್ಟೆಗೆ ಏನೂ ಹಾಕದೆ ಕೂತರೆ ಶುಗರ್ ಕುಸಿಯುತ್ತದೆ. ಪ್ರಜ್ಞೆ ತಪ್ಪುತ್ತದೆ. ಜೀವವೂ ಹೋಗಬಹುದು. ಕ್ಯಾನ್ಸರಿನ ಕಥೆ ಇನ್ನೂ ಕೆಟ್ಟದು. ಆಟೋಫೇಜಿ ಗಡ್ಡೆಯ ಕೋಶಕ್ಕೂ ಗೊತ್ತು. ರಕ್ತ, ಆಹಾರ ಸಾಲದಾದಾಗ ಅದೂ ತನ್ನ ಹಳೇ ಭಾಗಗಳನ್ನು ಕರಗಿಸಿಕೊಂಡು ಬದುಕಿಬಿಡುತ್ತದೆ. ಅದಕ್ಕೇ ಸಂಶೋಧಕರು ಕೆಲವು ಕ್ಯಾನ್ಸರ್‌ಗಳಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಔಷಧಿ ಕೊಟ್ಟು ಆಟೋಫೇಜಿಯನ್ನು ತಡೆಯಲು ಪ್ರಯತ್ನಿಸಿದ್ದಾರೆ. ಅವರು ನಿಲ್ಲಿಸಲು ನೋಡುತ್ತಿರುವುದನ್ನು ಇವರು ಜಾಸ್ತಿ ಮಾಡಿಕೊಡ್ತಾರಂತೆ. ಕಿಮೋ ತಗೊಂಡವರ ಮನೆ ನೋಡಿದ್ದೀರಾ? ಬಾಯೆಲ್ಲ ಹುಣ್ಣು, ದಿನದಿನಕ್ಕೆ ತೂಕ ಇಳಿಕೆ. ಎರಡು ಚಮಚ ಗಂಜಿ ಒಳಗೆ ಹೋದರೆ ಆ ದಿನ ಗೆದ್ದಂತೆ ಎಂದು ಮನೆಯವರು ಬಟ್ಟಲು ಹಿಡಿದು ಕೂತಿರುತ್ತಾರೆ. ಆ ಬಟ್ಟಲು ಎತ್ತಿಡಿ ಎಂದು ಹೇಳಿಕೊಡಲು ಇವರಿಗೆ ಶುಲ್ಕ ಬೇರೆ. ಇದಕ್ಕೆ ವ್ಯಂಗ್ಯ ಯಾಕೆ ಬೇಕು? ಇದು ಮೋಸ.

ಕ್ಯಾನ್ಸರ್, ಮಧುಮೇಹ ವಾಸಿ ಮಾಡುತ್ತೇವೆ ಎಂದು ಔಷಧಿಯ ಜಾಹೀರಾತು ಹಾಕಬಾರದು ಅಂತ 1954ರ ಕಾಯ್ದೆ ಇದೆ. ಅದನ್ನೂ ಆಯೋಜಕರ ಮುಂದಿಟ್ಟೆ. ಉತ್ತರ ತಯಾರಾಗಿತ್ತು. ‘ಔಷಧಿ ಎಲ್ಲಿ ಕೊಟ್ಟೀವ್ರಿ? ನಾವು ಏನೂ ಕೊಟ್ಟೇ ಇಲ್ಲಲ್ರಿ.’

ನಿಜ. ರಶೀದಿಯನ್ನೂ ಕೊಟ್ಟಿಲ್ಲ.